ಕಾಲೇಜು ಬಿಟ್ಟ ಪ್ರಾಧ್ಯಾಪಕರು ಮತ್ತು ನಮ್ಮ ಗಡಿ

ಕಳೆದ ಮಳೆಗಾಲದಲ್ಲಿ ನನ್ನ ತಂಗಿ ಕಾಲೇಜು ಬಿಡುವ ಮಾತೆತ್ತಿದಳು. ಇತಿಹಾಸದಲ್ಲಿ ಪಿಎಚ್.ಡಿ. ಮಾಡಿ ಎಂಟು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದವಳು. ವರ್ಷ ವರ್ಷವೂ ಹೊಸ ಸಂದರ್ಶನ. ರಜೆ ಬಂತೆಂದರೆ ಸಂಬಳವಿಲ್ಲ. "ಇಷ್ಟು ಓದಿ ಇನ್ನೇನು ಮಾಡುವುದು ಅಣ್ಣಾ?" ಎಂದಳು. ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನ್ನಲ್ಲಿ ಉತ್ತರವಿರಲಿಲ್ಲ. ಆಗ ನನಗೆ ನೆನಪಾದವರು ಸರ್ದಾರ್ ಕೆ. ಎಂ. ಪಣಿಕ್ಕರ್. ನಮ್ಮ ಕನ್ನಡ ಮನೆಗಳಲ್ಲಿ ಆ ಹೆಸರನ್ನು ಪ್ರೀತಿಯಿಂದ ಹೇಳಿದವರು ಕಡಿಮೆ.

ಪಣಿಕ್ಕರ್ ಹುಟ್ಟಿದ್ದು 1895ರಲ್ಲಿ, ಕುಟ್ಟನಾಡಿನ ಕಾವಾಲಂನಲ್ಲಿ. ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿ ಬಂದು ಅಲಿಗಢದಲ್ಲಿ ಪ್ರಾಧ್ಯಾಪಕರಾದರು. ಕೆಲವೇ ವರ್ಷಗಳಲ್ಲಿ ಆ ಕೆಲಸ ಬಿಟ್ಟು ಪತ್ರಿಕಾರಂಗಕ್ಕೆ ಬಂದು, 1924ರಲ್ಲಿ ಹಿಂದೂಸ್ಥಾನ್ ಟೈಮ್ಸಿನ ಮೊದಲ ಸಂಪಾದಕರಾದರು. ಮುಂದೆ ಬ್ಯಾರಿಸ್ಟರ್, ಪಟಿಯಾಲ ಸಂಸ್ಥಾನದ ಮಂತ್ರಿ, ಬಿಕಾನೇರಿನ ದಿವಾನ. 1948ರಲ್ಲಿ ಚೀನಾಕ್ಕೆ ರಾಯಭಾರಿ.

ಇಷ್ಟೆಲ್ಲ ಉದ್ಯೋಗ ಬದಲಾದರೂ ಅವರ ಬಂಡವಾಳ ಒಂದೇ ಎಂದು ನನಗೆ ತೋರುತ್ತದೆ. ಹಳೆಯ ಕಾಗದ ಓದುವುದು, ಎರಡು ಕಡೆಯ ಮಾತನ್ನು ತೂಗಿ ನೋಡುವುದು, ಕಂಡದ್ದನ್ನು ತಿಳಿಯುವಂತೆ ಬರೆಯುವುದು. ಸಂಪಾದಕನಿಗೆ ಬೇಕಾದದ್ದು ಅದೇ, ಒಪ್ಪಂದ ಪತ್ರಗಳ ನಡುವೆ ಕೂರುವ ದಿವಾನನಿಗೆ ಬೇಕಾದದ್ದೂ ಅದೇ. ಬರವಣಿಗೆಯನ್ನಂತೂ ಅವರು ಬಿಡಲೇ ಇಲ್ಲ. ಮಲಬಾರು ಮತ್ತು ಪೋರ್ಚುಗೀಸರ ಬಗ್ಗೆ 1929ರಲ್ಲಿ ಗ್ರಂಥ ಬರೆದರು. ವಯನಾಡಿನ ಕಾಡುಗಳಲ್ಲಿ ಹೋರಾಡಿದ ಪಳಶ್ಶಿರಾಜನ ಮೇಲೆ ಮಲಯಾಳದಲ್ಲಿ 'ಕೇರಳಸಿಂಹಂ' ಕಾದಂಬರಿ ಬರೆದರು.

ಇನ್ನು ನಮ್ಮ ಕಥೆ. 1953ರ ಕೊನೆಯಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಫಜಲ್ ಅಲಿ, ಎಚ್. ಎನ್. ಕುಂಜ್ರು ಅವರ ಜೊತೆ ಪಣಿಕ್ಕರ್ ಮೂರನೆಯವರು. 1955ರ ವರದಿ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಲು ಹೇಳಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. "ಆಯೋಗದಲ್ಲಿ ಮಲಯಾಳಿ ಕೂತಿದ್ದರಲ್ಲ, ಮತ್ತೇನು?" ಎಂದು ನನ್ನ ಅಜ್ಜ ಕೊನೆಯವರೆಗೂ ಹೇಳುತ್ತಿದ್ದರು.

ಅಜ್ಜನ ನೋವು ಸುಳ್ಳಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಆದರೆ ಇತಿಹಾಸ ಓದುವವರು ಇನ್ನೊಂದನ್ನೂ ನೋಡಬೇಕು. ಭಿನ್ನಾಭಿಪ್ರಾಯ ಬಂದಲ್ಲಿ ಸದಸ್ಯರು ಬೇರೆ ಟಿಪ್ಪಣಿ ಬರೆದಿದ್ದಾರೆ: ಹಿಮಾಚಲದ ಬಗ್ಗೆ ಫಜಲ್ ಅಲಿ, ಉತ್ತರ ಪ್ರದೇಶವನ್ನು ಒಡೆಯಬೇಕೆಂದು ಪಣಿಕ್ಕರ್. ಕಾಸರಗೋಡಿನ ಬಗ್ಗೆ ಅಂಥ ಟಿಪ್ಪಣಿಯಿಲ್ಲ. ಮೂವರೂ ಒಪ್ಪಿ ಸಹಿ ಹಾಕಿದ್ದನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೊನೆಗೆ ಪಣಿಕ್ಕರ್ ವಿದ್ಯಾಲಯಕ್ಕೇ ಮರಳಿದರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗಲೇ, 1963ರ ಡಿಸೆಂಬರ್ 10ರಂದು ತೀರಿಕೊಂಡರು. ನಮ್ಮ ಊರನ್ನು ಕೇರಳಕ್ಕೆ ಬರೆದ ಕೈಗಳಲ್ಲೊಂದು ಕನ್ನಡ ನಾಡಿನ ಸೇವೆಯಲ್ಲಿ ನಿಂತಿತು. ಇದನ್ನು ಕೇಳಲು ಅಜ್ಜ ಇರಲಿಲ್ಲ.

ತಂಗಿಗೆ ಇದನ್ನೆಲ್ಲ ಹೇಳಿದೆ. "ನಾನೇನು ದಿವಾನಳಾಗುತ್ತೇನಾ?" ಎಂದು ನಕ್ಕಳು. ಆಗ ನನ್ನ ಮೇಜಿನ ಸಂಗತಿ ಹೊಳೆಯಿತು. ಸಾಲಕ್ಕೆ ಬರುವವರು ತರುವ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ ಮೂಲಗೇಣಿ ಚೀಟುಗಳು ಕನ್ನಡದಲ್ಲಿವೆ. ಅವನ್ನು ಓದಿ ಮಲಯಾಳದಲ್ಲಿ ತಿಳಿಸಬಲ್ಲವರು ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಒಬ್ಬ ವಕೀಲರ ಬಳಿ ಅವಳನ್ನು ಕರೆದುಕೊಂಡು ಹೋದೆ. ಈಗ ವಾರಕ್ಕೆ ನಾಲ್ಕೈದು ಚೀಟುಗಳ ಅನುವಾದ ಬರುತ್ತದೆ. ಸಂಪಾದನೆ ಇನ್ನೂ ಸಣ್ಣದೇ. ಆದರೆ ಒಂದು ಕನ್ನಡ ಚೀಟು ಓದಲು ಬಾರದೆ ಯಾರೋ ಒಬ್ಬರ ಜಾಗದ ಹಕ್ಕು ಕೈತಪ್ಪಬಾರದು. ಅವಳು ಕಲಿತ ಇತಿಹಾಸಕ್ಕೆ ಇಲ್ಲಿ ಅಷ್ಟು ಕೆಲಸವಿದೆ.