ಕ್ರಿಸ್ತಜಯಂತಿಯ ಹೂರಣದ ತಿನಿಸುಗಳು: ಒಂದು ಚಾರಿತ್ರಿಕ ಅವಲೋಕನ

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ದೇವಾಲಯದ ಅಡಿಗಲ್ಲು, ಗಂಟೆ, ಬಲಿಪೀಠ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಇವುಗಳಿಗೆ ಮೊದಲ ಸ್ಥಾನ ದೊರೆಯುವುದು ಸಹಜ. ಆದರೆ ವಿಶ್ವಾಸವು ತಲೆಮಾರಿನಿಂದ ತಲೆಮಾರಿಗೆ ಹರಿದು ಬಂದ ಕಾಲುವೆಗಳಲ್ಲಿ ಅಡಿಗೆಮನೆಯೂ ಒಂದೆಂಬುದನ್ನು ನಾವು ಮರೆಯುತ್ತೇವೆ. ಅಲ್ಲಿ ದುಡಿದವರ ಹೆಸರುಗಳನ್ನು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಆದುದರಿಂದ ಕ್ರಿಸ್ತಜಯಂತಿಯ ತಿಂಡಿಗಳಲ್ಲಿ ಒಂದು ವರ್ಗವನ್ನು, ಅಂದರೆ ಹೊರಗೆ ಹಿಟ್ಟು, ಒಳಗೆ ಸಿಹಿ ಇರುವ ಹೂರಣದ ತಿನಿಸುಗಳನ್ನು ಆರಿಸಿಕೊಂಡು ಅವುಗಳ ಪೂರ್ವೋತ್ತರವನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಈಚಿನ ವರ್ಷಗಳಲ್ಲಿ ನಮ್ಮ ತರುಣಿಯರು ಎರಡು ಬಿಸ್ಕತ್ತುಗಳ ನಡುವೆ ಜಾಮ್ ಸವರಿ, ಮೇಲಿನದಕ್ಕೆ ನಕ್ಷತ್ರದಂತಹ ಕಿಂಡಿ ಕತ್ತರಿಸಿ, ಹಬ್ಬಕ್ಕೆಂದು ಸುಡುತ್ತಿದ್ದಾರೆ. ಹಿರಿಯರಲ್ಲಿ ಕೆಲವರು ಇದು ಪರದೇಶದ ಸೋಗು, ನಮ್ಮದು ಕಜ್ಜಾಯ, ಕರ್ಜಿಕಾಯಿ ಎನ್ನುತ್ತಾರೆ. ಯಾವುದು ನಮ್ಮದು, ಯಾವುದು ಅನ್ಯ? ಚರಿತ್ರೆಯನ್ನೇ ಕೇಳೋಣ.

ಈ ಜಾಮ್ ಬಿಸ್ಕತ್ತಿನ ತವರು ಆಸ್ಟ್ರಿಯ ದೇಶದ ಲಿಂಜ್ ಪಟ್ಟಣ. ಬಾದಾಮಿಯಂತಹ ಬೀಜಗಳ ಪುಡಿ, ಬೆಣ್ಣೆ, ಸಕ್ಕರೆ, ಗೋಧಿಹಿಟ್ಟು, ಜೊತೆಗೆ ದಾಲ್ಚಿನ್ನಿ ಸೇರಿಸಿ ಮಾಡುವ ಅಲ್ಲಿನ ದೊಡ್ಡ ಕಡುಬಿನ ಚಿಕ್ಕ ರೂಪವೇ ಇದು. ಆ ಕಡುಬನ್ನು ಮಾಡುವ ಕ್ರಮ 1653ರ ಒಂದು ಹಸ್ತಪ್ರತಿಯಲ್ಲಿದೆ. ಅದು ದೊರೆತದ್ದು ಅರಮನೆಯಲ್ಲಲ್ಲ. ಆಡ್ಮಾಂಟ್ ಎಂಬಲ್ಲಿರುವ ಸಂತ ಬೆನೆಡಿಕ್ಟರ ಸಭೆಯ ಮಠದ ಭಂಡಾರದಲ್ಲಿ, 2005ರಲ್ಲಿ. ಮಠದ ಸನ್ಯಾಸಿಗಳು ಪ್ರಾರ್ಥನಾ ಗ್ರಂಥಗಳೊಡನೆ ಪಾಕದ ಪುಸ್ತಕವನ್ನೂ ಜೋಪಾನ ಮಾಡಿದರೆಂಬುದು ಮನನೀಯ.

ಬೆಣ್ಣೆಯ ವಿಷಯದಲ್ಲಿಯೂ ಒಂದು ಚರಿತ್ರೆಯುಂಟು. ಪೂರ್ವಕಾಲದಲ್ಲಿ ಆಗಮನ ಕಾಲವು ಉಪವಾಸದ ಕಾಲವಾಗಿತ್ತು; ಆ ದಿನಗಳಲ್ಲಿ ಬೆಣ್ಣೆ ನಿಷಿದ್ಧ. ಜರ್ಮನಿಯ ಸ್ಯಾಕ್ಸನಿ ಸೀಮೆಯವರು ತಮ್ಮಲ್ಲಿ ಒಳ್ಳೆಯ ಎಣ್ಣೆ ದೊರೆಯುವುದಿಲ್ಲವೆಂದು ರೋಮಿಗೆ ಬಿನ್ನವಿಸಿಕೊಂಡಾಗ, 15ನೆಯ ಶತಮಾನದ ಕೊನೆಯಲ್ಲಿ ಜಗದ್ಗುರು ಎಂಟನೆಯ ಇನ್ನೊಸೆಂಟರು ಬೆಣ್ಣೆಯ ಬಳಕೆಗೆ ಅಪ್ಪಣೆ ಕೊಟ್ಟರು. ಇಂದಿಗೂ ಅದನ್ನು 'ಬೆಣ್ಣೆಯ ಪತ್ರ'ವೆಂದೇ ಕರೆಯುತ್ತಾರೆ. ಹಬ್ಬದ ರೊಟ್ಟಿಗೆ ಬೆಣ್ಣೆಯ ರುಚಿ ಬಂದದ್ದು ಹೀಗೆ, ಕಾದು ಪಡೆದ ಅನುಮತಿಯಿಂದ.

ಇನ್ನು ನಮ್ಮ ನಾಡಿನತ್ತ ತಿರುಗೋಣ. ಹೂರಣದ ವಿದ್ಯೆ ಕನ್ನಡಿಗರಿಗೆ ಹೊಸದೇನೂ ಅಲ್ಲ. ಲಿಂಜಿನ ಹಸ್ತಪ್ರತಿಗಿಂತ ಸುಮಾರು ಒಂದೂವರೆ ಶತಮಾನ ಮುಂಚೆಯೇ, 1508ರ ಸುಮಾರಿಗೆ, ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಕನ್ನಡ ಷಟ್ಪದಿಯಲ್ಲಿ ರಚಿಸಿ, ಹಿಟ್ಟಿನಿಂದಾಗುವ ತಿನಿಸುಗಳಿಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟನು. ಹೋಳಿಗೆ, ಕಡುಬು, ಕರ್ಜಿಕಾಯಿಗಳು ನಮ್ಮ ಹಬ್ಬಗಳ ಜೀವಾಳ. ಕೊರತೆಯಿದ್ದುದು ಒಂದೇ: ಒಲೆಯಿತ್ತು, ಕಾವಲಿಯಿತ್ತು, ಬಾಣಲೆಯಿತ್ತು, ಯುರೋಪಿನಂತೆ ಸುತ್ತಲಿಂದ ಬಿಸಿ ತಾಗಿಸುವ ಮುಚ್ಚಿದ ಗೂಡು ಮನೆಗಳಲ್ಲಿರಲಿಲ್ಲ. ಮಾಸ್ತಿ, ಮಾಲೂರು ಸೀಮೆಯು ರಾಗಿಯ ನಾಡು, ಗೋಧಿಯ ನಾಡಲ್ಲ. ಮಾಲೂರಿನ ಹೆಂಚು ಇಟ್ಟಿಗೆಗಳ ಗೂಡುಗಳು ಹೆಸರಾಂತವು. ಮಣ್ಣನ್ನು ಸುಟ್ಟು ಊರೂರಿನ ಸೂರು ಹೊದಿಸಿದ ಸೀಮೆಯಲ್ಲಿ ಹಿಟ್ಟನ್ನು ಸುಡುವ ಗೂಡು ಮಾತ್ರ ಮನೆಯೊಳಗೆ ಬರಲಿಲ್ಲ!

ಆದುದರಿಂದ ನಮ್ಮ ಕ್ರೈಸ್ತ ಮಾತೆಯರು ತಮ್ಮಲ್ಲಿದ್ದ ಬೆಂಕಿಯನ್ನೇ ಹಬ್ಬಕ್ಕೆ ಅರ್ಪಿಸಿದರು. ಕೊಬ್ಬರಿ, ಹುರಿಗಡಲೆ, ಗಸಗಸೆ, ಏಲಕ್ಕಿ, ಬೆಲ್ಲ ಅಥವಾ ಸಕ್ಕರೆಯ ಪುಡಿಯನ್ನು ತೆಳ್ಳನೆಯ ಹಾಳೆಯಲ್ಲಿಟ್ಟು, ಅಂಚನ್ನು ಹಲ್ಲಿನ ಚಕ್ರದಿಂದ ಕತ್ತರಿಸಿ, ಎಣ್ಣೆಯಲ್ಲಿ ಕರಿದರು. ಇದೇ ತಿನಿಸು ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ 'ನೆವ್ರಿ' ಎನಿಸಿ, ಕಿಡಿಯೊ, ಗುಳಿಯೊ, ಅಚ್ಚಿನ ಗುಲಾಬಿ ಹೂಗಳೊಡನೆ 'ಕುಸ್ವಾರ್' ಎಂಬ ಹಬ್ಬದ ತಟ್ಟೆಯನ್ನು ತುಂಬುತ್ತದೆ.

ಮುಚ್ಚಿದ ಗೂಡು ನಮ್ಮ ಜಿಲ್ಲೆಗೆ ಬಂದದ್ದು ಚಿನ್ನದ ಬೆನ್ನು ಹತ್ತಿ. 1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲು ಮಾರ್ಗ ಮಾಲೂರಿನ ಮೂಲಕ ತೆರೆಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಚಿನ್ನದ ಗಣಿಗಳಲ್ಲಿ ಕಾಲಿಟ್ಟರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಹರಿಯಿತು. ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು, ತಮಿಳು ತೆಲುಗು ಕಾರ್ಮಿಕರು ಕೂಡಿ ಬಾಳಿದ ಆ ಊರಿನಲ್ಲಿ ಪ್ಲಮ್ ಕೇಕು, ಕಲ್‌ಕಲ್, ಗುಲಾಬಿ ಹೂ, ಕರ್ಜಿಕಾಯಿಗಳು ಒಂದೇ ತಟ್ಟೆಯಲ್ಲಿ ನೆರೆದವು. ಮನೆಯಲ್ಲಿ ಗೂಡಿಲ್ಲದವರು ಕಲಸಿದ ಹಿಟ್ಟನ್ನು ಬೇಕರಿಗೆ ಹೊತ್ತು, ಕೂಲಿ ಕೊಟ್ಟು ಸುಡಿಸಿ ತರುತ್ತಿದ್ದುದುಂಟು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಅನೇಕ ಕುಟುಂಬಗಳು ಚದುರಿದವು. ಅವರೊಡನೆ ಪಾಕದ ಕ್ರಮಗಳೂ ಊರು ಬಿಟ್ಟವು.

ಅತ್ತ ಹಾಸನ ಸೀಮೆಯಿಂದ ಬಂದ ಅಯ್ಯಂಗಾರರು ಬೆಂಗಳೂರಿನಲ್ಲಿ ಬೇಕರಿಗಳನ್ನು ತೆರೆದು, ಮೊಟ್ಟೆಯಿಲ್ಲದ ಬ್ರೆಡ್ಡು ಬಿಸ್ಕತ್ತುಗಳನ್ನು ಊರೂರಿಗೆ ಮುಟ್ಟಿಸಿದರು. ಅವರ 'ದಿಲ್‌ಪಸಂದ್' ಎಂಬುದು ಎರಡು ಹಿಟ್ಟಿನ ಪದರಗಳ ನಡುವೆ ಸಿಹಿ ತೆಂಗಿನಕಾಯಿಯ ಹೂರಣವನ್ನಿಟ್ಟು ಗೂಡಿನಲ್ಲಿ ಸುಟ್ಟದ್ದಲ್ಲವೇ? ಪಶ್ಚಿಮದ ಬೆಂಕಿ, ನಮ್ಮ ಹೂರಣ! ನಮ್ಮದು, ಅನ್ಯ ಎಂಬ ಗೆರೆ ಎಷ್ಟು ತೆಳುವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡು ತಿನಿಸುಗಳ ಗುಣಭೇದವನ್ನೂ ಅರಿಯಬೇಕು. ಕರ್ಜಿಕಾಯಿಯ ಹೂರಣ ಒಣಗಿದ್ದು. ಆದುದರಿಂದ ಗಾಳಿಯಾಡದ ಡಬ್ಬದಲ್ಲಿ ವಾರಗಟ್ಟಲೆ ಗರಿಗರಿಯಾಗಿ ಉಳಿಯುತ್ತದೆ. ಜಾಮಿನ ಹೂರಣ ತೇವವುಳ್ಳದ್ದು. ಎರಡು ಮೂರು ದಿನಗಳಲ್ಲಿ ಆ ತೇವ ಬಿಸ್ಕತ್ತಿಗೆ ಇಳಿದು ಅದು ಮೃದುವಾಗುತ್ತದೆ, ರುಚಿಯೂ ಕೂಡುತ್ತದೆ. ಜಾಮಿಗೆ ಪರದೇಶದ ಹಣ್ಣನ್ನು ಹುಡುಕಬೇಕಾಗಿಲ್ಲ. ನಮ್ಮ ಶ್ರೀನಿವಾಸಪುರ ಮಾವಿನ ತವರು. ತೋತಾಪುರಿಯ ತಿರುಳಿಗೆ ಸಮತೂಕದ ಸಕ್ಕರೆ, ಕೊಂಚ ನಿಂಬೆರಸ ಸೇರಿಸಿ, ಪಾಕವು ಸುಮಾರು 105 ಡಿಗ್ರಿ ಶಾಖಕ್ಕೇರಿ ಚಮಚದಿಂದ ಹಾಳೆಯಂತೆ ಜಾರುವವರೆಗೆ ಕಾಯಿಸಿದರೆ ಜೇಷ್ಠದ ಹಣ್ಣು ಡಿಸೆಂಬರಿನ ಹಬ್ಬಕ್ಕೆ ಸಿದ್ಧ. ಸುಡಲು ಗೂಡಿಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಮರಳು ಹರವಿ, ಮುಚ್ಚಿ ಕಾಯಿಸಿ, ಒಳಗೆ ತಟ್ಟೆಯಿಟ್ಟರಾಯಿತು.

ಈ ಚರಿತ್ರೆಯಿಂದ ಗ್ರಹಿಸಬೇಕಾದುದೇನು? ತಿನಿಸಿನ ಕುಲಗೋತ್ರವು ಹಬ್ಬವನ್ನು ಹಬ್ಬವಾಗಿಸುವುದಿಲ್ಲ. ಆಗಮನ ಕಾಲದ ಸಂಜೆಗಳಲ್ಲಿ ಮನೆಮಂದಿ ಸುತ್ತ ಕುಳಿತು ಮಾಡುವುದು, ಮಾಡಿದ್ದನ್ನು ನಡುರಾತ್ರಿಯ ಬಲಿಪೂಜೆಯವರೆಗೆ ಮುಟ್ಟದೆ ಕಾಯುವುದು, ಮೊದಲ ತಟ್ಟೆಯನ್ನು ಜಾತಿಮತ ನೋಡದೆ ನೆರೆಮನೆಗೆ ಕಳುಹಿಸುವುದು, ಈ ಮೂರು ಅದನ್ನು ಹಬ್ಬವಾಗಿಸುತ್ತವೆ. ನಾವು ಕಳುಹಿಸಿದ ತಟ್ಟೆ ದೀಪಾವಳಿಗೆ, ರಂಜಾನಿಗೆ ತುಂಬಿಕೊಂಡೇ ಹಿಂದಿರುಗುತ್ತಿತ್ತು. ಇಂದು ಅಂಗಡಿಯ ಪೆಟ್ಟಿಗೆಯನ್ನು ಹಿಂದಿನ ದಿನ ಕೊಂಡು ತಂದು ಅಂದೇ ಬಿಚ್ಚುವ ಮನೆಗಳು ಹೆಚ್ಚುತ್ತಿವೆ. ಪೆಟ್ಟಿಗೆಯಲ್ಲಿ ಸಿಹಿಯಿದೆ, ಕಾಯುವಿಕೆಯಿಲ್ಲ, ಕೂಡಿ ದುಡಿದುದಿಲ್ಲ.

ಕೊಳ್ಳುವವರನ್ನು ದೂಷಿಸುವುದು ನ್ಯಾಯವಲ್ಲ. ಹಬ್ಬದ ಶ್ರಮವೆಲ್ಲ ಮನೆಯ ಹೆಂಗಸರ ಬೆನ್ನಿಗೇ ಬೀಳುವುದಾದರೆ, ಹೊರಗೂ ದುಡಿದು ಬಂದ ತಾಯಿ ಅಂಗಡಿಗೆ ಹೋಗದೆ ಏನು ಮಾಡಿಯಾಳು? ಗೋದಲಿ ಕಟ್ಟಲು ಉತ್ಸಾಹದಿಂದ ಮುಂದೆ ಬರುವ ಗಂಡಸರು ಹಿಟ್ಟು ನಾದಲೂ ಬರಲಿ. ಸಂತ ಯೋಸೇಫರು ಸೂಲಗಿತ್ತಿಯಿಲ್ಲದ ರಾತ್ರಿಯಲ್ಲಿ ಕೈಕಟ್ಟಿ ಕುಳಿತಿದ್ದರೆಂದು ಯಾರೂ ಊಹಿಸಲಾರರು.

ಇನ್ನೊಂದು ಕಾರ್ಯವೂ ತುರ್ತಿನದು. ನಮ್ಮ ವೃದ್ಧ ಮಾತೆಯರಿಗೆ ಅಳತೆಗಳು ಕೈಯಲ್ಲಿವೆ, ಕಾಗದದಲ್ಲಿಲ್ಲ. ಅವರನ್ನು ಸಮಾಧಿಗೆ ಒಯ್ಯುವ ದಿನ ಆ ಜ್ಞಾನವೂ ಮಣ್ಣು ಸೇರುತ್ತದೆ. ಮಕ್ಕಳು ಈ ಆಗಮನ ಕಾಲದಲ್ಲಿ ಅಜ್ಜಿಯ ಬಳಿ ಕುಳಿತು, ಅವಳ 'ಒಂದು ಹಿಡಿ', 'ಒಂದು ಪಾವು', 'ಕಣ್ಣಳತೆ'ಗಳನ್ನು ಒಂದು ಪುಸ್ತಕಕ್ಕೆ ಇಳಿಸಲಿ. ಅದರ ಎದುರು ಪುಟದಲ್ಲಿ ತಮ್ಮ ಜಾಮ್ ಬಿಸ್ಕತ್ತಿನ ಕ್ರಮವನ್ನೂ ಬರೆಯಲಿ. ಆಡ್ಮಾಂಟಿನ ಮಠ ಕಾಪಾಡಿದಂತೆ ನಮ್ಮ ಮನೆಗಳೂ ಕಾಪಾಡಲಿ. ಶಿಶು ಯೇಸು ಜನಿಸಿದ ಬೆತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂದೇ ಅರ್ಥ. ಆ ಹೆಸರು ನಮ್ಮ ಪ್ರತಿಯೊಂದು ಮನೆಗೂ ಒಪ್ಪುವಂತಾಗಲಿ ಎಂದು ಹಾರೈಸುತ್ತೇನೆ.