ಐರ್ಲೆಂಡಿನ ಸಂಧಿಚ್ಛೇದ ಪ್ರಕರಣ: ಸಾಕ್ಷ್ಯವೂ ಹೊಣೆಯೂ

ಒಂದು ರಾಜ್ಯವು ತನ್ನ ಗತಕಾಲದ ನಡತೆಗೆ ಉತ್ತರ ಹೇಳಬೇಕಾಗಿ ಬಂದಾಗ ಮೊದಲು ಏಳತಕ್ಕ ಪ್ರಶ್ನೆ ಪ್ರಮಾಣದ್ದು. ನಡೆದುದನ್ನು ಬರೆದಿಟ್ಟವರ ಮಾತಿನಿಂದ ನಿರ್ಣಯಿಸಬೇಕೋ, ಅನುಭವಿಸಿದವರ ಮಾತಿನಿಂದಲೋ? ಇದನ್ನು ಐರ್ಲೆಂಡಿನ ಒಂದು ಪ್ರಸೂತಿ ಶಸ್ತ್ರಕ್ರಿಯೆಯ ಚರಿತ್ರೆಯ ಮೂಲಕ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಸೊಂಟದ ಎಲುಬುಗಳೆರಡು ಮುಂಭಾಗದಲ್ಲಿ ಕೂಡುವ ಸಂಧಿಯನ್ನು ಕೊಯ್ದು ಶಿಶುವಿಗೆ ದಾರಿಯನ್ನು ಅಗಲಿಸುವ ಕ್ರಿಯೆಗೆ ಸಿಂಫಿಸಿಯಾಟಮಿ ಎಂದು ಹೆಸರು. ಇದನ್ನು ಇಲ್ಲಿ ಸಂಧಿಚ್ಛೇದವೆಂದು ಕರೆದಿದೆ. 1777ರಲ್ಲಿ ಪ್ಯಾರಿಸಿನ ವೈದ್ಯ ಸಿಗೋ ಇದನ್ನು ನಡೆಸಿ ಕೀರ್ತಿಯನ್ನು ಪಡೆದನು. ತಾಯಿಯೂ ಶಿಶುವೂ ಉಳಿದರು. ಆದರೆ ತಾಯಿಗೆ ಮೂತ್ರಸ್ರಾವದ ಬಾಧೆಯೂ ಉಳಿಯಿತು. ಮುಂದೆ ಹೊಟ್ಟೆಯನ್ನು ಕೊಯ್ದು ಶಿಶುವನ್ನು ತೆಗೆಯುವ ಸಿಸೇರಿಯನ್ ಕ್ರಮವು ಸುರಕ್ಷಿತವಾಗುತ್ತ ಬಂದ ಹಾಗೆಲ್ಲ ಪಶ್ಚಿಮ ದೇಶಗಳಲ್ಲಿ ಸಂಧಿಚ್ಛೇದವು ಹಿಂದೆ ಸರಿಯಿತು.

ಹೀಗಿರಲು 1940ರ ದಶಕದಲ್ಲಿ ಡಬ್ಲಿನ್ ನಗರದ ರಾಷ್ಟ್ರೀಯ ಪ್ರಸೂತಿ ಆಸ್ಪತ್ರೆಯಲ್ಲಿ ಅಲೆಕ್ಸ್ ಸ್ಪೇನ್ ಎಂಬ ಮುಖ್ಯ ವೈದ್ಯರು ಅದನ್ನು ಮತ್ತೆ ಬಳಕೆಗೆ ತಂದರು. ಅವರ ತರುವಾಯ ಬಂದ ಆರ್ಥರ್ ಬ್ಯಾರಿಯವರು ಮುಂದುವರಿಸಿದರು. ದ್ರೊಹೆಡಾ ಪಟ್ಟಣದ ಲೂರ್ಡ್ಸ್ ಆಸ್ಪತ್ರೆಯಲ್ಲಂತೂ ಇದು 1980ರ ದಶಕದವರೆಗೂ ನಡೆಯಿತು. ಒಟ್ಟು ಸುಮಾರು 1,500 ಮಂದಿ ಸ್ತ್ರೀಯರು ಇದಕ್ಕೆ ಒಳಗಾದರೆಂದು ಗಣನೆ. ಅವರಲ್ಲಿ ಅನೇಕರಿಗೆ ನಡೆಯುವುದೇ ಕಷ್ಟವಾಯಿತು. ಬೆನ್ನು ಸೊಂಟಗಳ ನೋವೂ ಮೂತ್ರಬಾಧೆಯೂ ಬಾಳಿನುದ್ದಕ್ಕೂ ಬೆನ್ನುಹತ್ತಿದವು.

ವೈದ್ಯರ ಪಕ್ಷವನ್ನು ಕೇಳದೆ ತೀರ್ಪು ಕೊಡುವುದು ಚರಿತ್ರಕಾರನ ಧರ್ಮವಲ್ಲ. ಸಿಸೇರಿಯನ್ ಮರುಕಳಿಸಿದಷ್ಟೂ ಅಪಾಯ ಹೆಚ್ಚೆಂಬುದು ಅವರ ವಾದ. ಗರ್ಭನಿರೋಧಕಗಳ ಮಾರಾಟವನ್ನು 1935ರ ಕಾನೂನೇ ನಿಷೇಧಿಸಿದ್ದ ಆ ಕ್ಯಾಥೊಲಿಕ್ ದೇಶದಲ್ಲಿ ಬಸಿರು ಬಸಿರನ್ನು ಹಿಂಬಾಲಿಸುವುದು ಸಹಜವಾಗಿತ್ತು. ಸಂಧಿಯನ್ನು ಒಮ್ಮೆ ಅಗಲಿಸಿದರೆ ಮುಂದಿನ ಹೆರಿಗೆಗಳು ಸುಗಮವಾಗುವುವೆಂದು ಅವರು ಎಣಿಸಿದರು. ಆ ಕಾಲದಲ್ಲಿಯೇ ಹೊರಗಿನ ಪ್ರಸೂತಿತಜ್ಞರು ಇದನ್ನು ಆಕ್ಷೇಪಿಸಿದ್ದರೆಂಬುದನ್ನೂ ಮರೆಯತಕ್ಕದ್ದಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಈ ಕ್ರಿಯೆ ಗುಟ್ಟಿನದಾಗಿರಲಿಲ್ಲ. ಆಸ್ಪತ್ರೆಯ ವಾರ್ಷಿಕ ವರದಿಗಳಲ್ಲಿ ಅಚ್ಚಾಗುತ್ತಿತ್ತು, ವೈದ್ಯಸಭೆಗಳಲ್ಲಿ ಚರ್ಚೆಗೆ ಬರುತ್ತಿತ್ತು. ತಮ್ಮ ಒಪ್ಪಿಗೆಯನ್ನು ಕೇಳಲಿಲ್ಲ, ಮಾಡಿದುದನ್ನೂ ತಿಳಿಸಲಿಲ್ಲವೆಂದು ಹೇಳಿದವರು ಶಸ್ತ್ರಕ್ಕೆ ಒಳಗಾದ ಸ್ತ್ರೀಯರು. 1999ರಲ್ಲಿ ಇತಿಹಾಸಜ್ಞೆ ಜಾಕ್ವೆಲಿನ್ ಮಾರಿಸ್ಸಿಯವರ ಬರಹದಿಂದ ವಿಷಯವು ಬೆಳಕಿಗೆ ಬಂದ ಮೇಲೆಯೇ ಹಲವರು ತಮ್ಮ ನೋವಿಗೆ ಹೆಸರನ್ನು ಕಂಡುಕೊಂಡರು. ವಿದ್ವತ್ತಿಗೆ ಇದಕ್ಕಿಂತ ದೊಡ್ಡ ಸಾರ್ಥಕ್ಯವಿಲ್ಲ.

2014ರ ಜುಲೈಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಸ್ವತಂತ್ರವಾದ ತನಿಖೆಯನ್ನು ನಡೆಸಬೇಕೆಂದು ಐರ್ಲೆಂಡಿಗೆ ಸೂಚಿಸಿತು. ಸರ್ಕಾರವು ಆ ದಾರಿಯನ್ನು ಹಿಡಿಯದೆ, ಅದೇ ವರ್ಷದ ನವೆಂಬರಿನಲ್ಲಿ ಹಣಪಾವತಿಯ ಯೋಜನೆಯೊಂದನ್ನು ತೆರೆಯಿತು. 50,000 ಯೂರೋದಿಂದ 1,50,000 ಯೂರೋವರೆಗೆ ಮೂರು ದರ್ಜೆಗಳು. ಅರ್ಜಿಗೆ ಸಾಮಾನ್ಯವಾಗಿ 20 ಕೆಲಸದ ದಿನಗಳ ಅವಧಿ. ಹಣವನ್ನು ಪಡೆದವಳು ನ್ಯಾಯಾಲಯದ ದಾರಿಯನ್ನು ಬಿಡಬೇಕು. ಸರ್ಕಾರವು ಮಾತ್ರ ತಪ್ಪನ್ನು ಒಪ್ಪಬೇಕಾಗಿಲ್ಲ. 590 ಅರ್ಜಿಗಳಲ್ಲಿ 399 ಮಂಜೂರಾದವು. ಯೋಜನೆಯನ್ನು ನಡೆಸಿದ ನ್ಯಾಯಾಧೀಶೆ ಮೌರೀನ್ ಹಾರ್ಡಿಂಗ್ ಕ್ಲಾರ್ಕ್ ಅವರು 2016ರ ವರದಿಯಲ್ಲಿ, ವೈದ್ಯರು ಧಾರ್ಮಿಕ ಉದ್ದೇಶದಿಂದ ನಡೆದುಕೊಂಡರೆಂಬುದಕ್ಕೆ ಆಧಾರವಿಲ್ಲವೆಂದೂ, ಅನೇಕ ಅರ್ಜಿದಾರರ ನೆನಪು ದಾಖಲೆಗೆ ಹೊಂದಲಿಲ್ಲವೆಂದೂ ಬರೆದರು.

ನೆನಪು ತಪ್ಪಬಹುದು, ಅದನ್ನು ಪರೀಕ್ಷಿಸುವುದು ನ್ಯಾಯವೇ. ಆದರೆ ದಾಖಲೆಯನ್ನು ಬರೆದವರು, ಇಟ್ಟವರು ಒಂದು ಪಕ್ಷದವರು. ಅರ್ಧ ಶತಮಾನದ ಅನಂತರ ಅದನ್ನು ಹಾಜರುಪಡಿಸಬೇಕಾದವರು ಇನ್ನೊಂದು ಪಕ್ಷದವರು, ಅದೂ ಮುಪ್ಪಿನವರು. ಇಂತಹ ಕಡೆ ದಾಖಲೆಯ ಮೌನವನ್ನು ಸ್ತ್ರೀಯ ವಿರುದ್ಧ ಸಾಕ್ಷ್ಯವೆಂದು ಎಣಿಸುವುದು ಪ್ರಮಾಣಶಾಸ್ತ್ರಕ್ಕೆ ಒಪ್ಪುವುದಿಲ್ಲ. ಹೊಣೆಯೆಂದರೆ ಲೆಕ್ಕ ತೀರಿಸುವುದು ಮಾತ್ರವಲ್ಲ, ಲೆಕ್ಕ ಒಪ್ಪಿಸುವುದು. ಐರ್ಲೆಂಡಿನ ಯೋಜನೆಯು ಮೊದಲನೆಯದನ್ನು ಮಾಡಿತು. ಎರಡನೆಯದನ್ನು ಮಾಡಲಿಲ್ಲವೆಂಬುದು ನಮ್ಮ ಅಭಿಪ್ರಾಯ.