ಸಣ್ಣ ಪಟ್ಟಣಗಳ ನೀರು ಸರಬರಾಜು ಮತ್ತು ಒಳಚರಂಡಿ (ಕರ್ನಾಟಕ)

ಪುರಸಭೆ ಹಾಗೂ ಪಟ್ಟಣ ಪಂಚಾಯಿತಿಗಳ ಊರುಗಳಿಗೆ ಕೊಳವೆ ನೀರು ತರಲು, ಬಳಸಿದ ನೀರನ್ನು ಸಾಗಿಸಿ ಶುದ್ಧೀಕರಿಸಲು ಸರ್ಕಾರ ಹೂಡಿದ ಬಂಡವಾಳದ ಇತಿಹಾಸ. ಬಹುತೇಕ ಊರುಗಳಲ್ಲಿ ನಲ್ಲಿ ಮೊದಲು ಬಂತು. ಒಳಚರಂಡಿ ಬಹಳ ಹಿಂದೆ ಉಳಿಯಿತು.

ಆರಂಭ: 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಪಟ್ಟಣದ ಕೊಳೆಯನ್ನು ಯಾರು, ಹೇಗೆ ಸಾಗಿಸಬೇಕು ಎಂಬುದು ಮಾನವ ಘನತೆಯ ಪ್ರಶ್ನೆ ಎಂದು ಆ ನಿರ್ಧಾರ ಸಾರಿತು. 1973ರ ಕಾಯ್ದೆಯಡಿ 1975ರಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪನೆಯಾಯಿತು. ಬೆಂಗಳೂರು ಬಿಟ್ಟು ಉಳಿದ ಪಟ್ಟಣಗಳ ಯೋಜನೆಗಳ ಹೊಣೆ ಅದರದು.

ಹೂಡಿಕೆಯ ಹಂತಗಳು: 1991ರ ಜನಗಣತಿಯಂತೆ 20,000ಕ್ಕಿಂತ ಕಡಿಮೆ ಜನರಿದ್ದ ಪಟ್ಟಣಗಳಿಗಾಗಿ ಕೇಂದ್ರ ಸರ್ಕಾರ 1994ರಲ್ಲಿ ತ್ವರಿತ ನೀರು ಸರಬರಾಜು ಕಾರ್ಯಕ್ರಮ ತಂದಿತು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ 1995ರ ಯೋಜನೆ ರಾಮನಗರ, ಚನ್ನಪಟ್ಟಣಗಳನ್ನೂ, 1999ರ ಕರಾವಳಿ ಯೋಜನೆ ಕುಂದಾಪುರ, ಭಟ್ಕಳ, ಅಂಕೋಲಾ, ಶಿರಸಿ, ಪುತ್ತೂರುಗಳನ್ನೂ ತಲುಪಿದವು. 2006ರಲ್ಲಿ ಉತ್ತರ ಕರ್ನಾಟಕದ ಪಟ್ಟಣಗಳ ಸರದಿ ಬಂತು. 2021ರಲ್ಲಿ ಕೇಂದ್ರದ ಅಮೃತ್ 2.0 ಯೋಜನೆ ಎಲ್ಲ ಪಟ್ಟಣಗಳಿಗೂ ನಲ್ಲಿ ನೀರಿನ ಗುರಿ ಇಟ್ಟಿತು. ಅದೇ ವರ್ಷ ಸ್ವಚ್ಛ ಭಾರತ ಮಿಷನ್ನಿನ ಎರಡನೇ ಹಂತ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಕೊಳಚೆ ನೀರಿನ ನಿರ್ವಹಣೆಗೂ ಹಣ ಒದಗಿಸಿತು.

ಒಳಚರಂಡಿಯ ತೊಡಕು: ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ. 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಆ ಕೊಳಚೆ ಕೊಳವೆಯಲ್ಲಿ ಕಟ್ಟಿಕೊಳ್ಳದೆ ಹರಿಯಲು ಸಾಕಷ್ಟು ನೀರು ಬೇಕು. ಆದ್ದರಿಂದಲೇ ಒಳಚರಂಡಿ ಇಲ್ಲದ ಊರಿಗೆ ತಲಾ ದಿನಕ್ಕೆ 70 ಲೀಟರ್, ಇರುವ ಊರಿಗೆ 135 ಲೀಟರ್ ಎಂಬ ರಾಷ್ಟ್ರೀಯ ಮಾನದಂಡವಿದೆ. ವಾರಕ್ಕೆ ಎರಡು ಸಲ ನೀರು ಬಿಡುವ ಊರಿನಲ್ಲಿ ಒಳಚರಂಡಿ ಸರಿಯಾಗಿ ನಡೆಯುವುದು ಕಷ್ಟ. ತಗ್ಗಿನ ಕೊಳಚೆಯನ್ನು ಮೇಲೆತ್ತುವ ಪಂಪಿನ ಕರೆಂಟ್ ಬಿಲ್ಲೂ ಪುರಸಭೆಯ ಬೊಕ್ಕಸಕ್ಕೆ ಭಾರ.

ಪರ್ಯಾಯ: ಒಳಚರಂಡಿ ಇಲ್ಲದ ದೇವನಹಳ್ಳಿಯಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಆರಂಭವಾಯಿತು. ಮನೆಯ ಗುಂಡಿ ತುಂಬಿದಾಗ ಪಂಪು ಜೋಡಿಸಿದ ಟ್ಯಾಂಕರ್ ಬಂದು ಹೀರಿಕೊಂಡು ಹೋಗುತ್ತದೆ. ಘಟಕದಲ್ಲಿ ಕೆಸರನ್ನು ಕೊಳೆಸಿ, ಹಾಸುಗಳ ಮೇಲೆ ಒಣಗಿಸಿ, ಊರಿನ ಹಸಿಕಸದೊಂದಿಗೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಅದು ರೈತರ ಹೊಲ ಸೇರುತ್ತದೆ.

ಮಹತ್ವ: ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕೇಂದ್ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು ಅಪರಾಧವೆಂದು ಸಾರಿದೆ. ಹೀರುಯಂತ್ರಕ್ಕೂ ದುರಸ್ತಿಗೂ ವರ್ಷ ವರ್ಷ ಹಣ ಮೀಸಲಿಟ್ಟ ಪಟ್ಟಣದಲ್ಲಿ ಮಾತ್ರ ಬಸವಲಿಂಗಪ್ಪನವರ ಆದೇಶ ನೆಲದಡಿಯಲ್ಲೂ ಜಾರಿಯಾಗುತ್ತದೆ.